ಕಿರು ವಾಲ್ವ್‌ಗಳಿಗೆ ಬೇಕು ಪರೀಕ್ಷಾಲಯ

ಕಾರಿನ ಟೈರಿನೊಳಗಿನ ಒತ್ತಡ ಸುಮಾರು 30 ಪಿಎಸ್‌ಐ. ಆಳದ ತೈಲಬಾವಿಗಳಲ್ಲಿ ಬಳಕೆಯಾಗುವ ಎಷ್ಟೋ ಉಪಕರಣಗಳು 10,000 ಪಿಎಸ್‌ಐ ಒತ್ತಡವನ್ನು ತಾಳಬೇಕು. ಜೊತೆಗೆ ಬಿಸಿ, ಮರಳು, ಹೈಡ್ರೋಜನ್ ಸಲ್ಫೈಡ್ ಅನಿಲದ ಕಾಟ. ಅಂತಹ ಕಡೆ ದ್ರವದ ಹರಿವನ್ನು ನಿಯಂತ್ರಿಸುವ ವಾಲ್ವ್ ಕೆಲವೊಮ್ಮೆ ಕಿರುಬೆರಳಿಗಿಂತಲೂ ಚಿಕ್ಕದು. ಅದರ ಒಳಭಾಗಗಳ ನಡುವಿನ ಅಂತರ ಕೆಲವೇ ಮೈಕ್ರಾನ್. ಒಂದು ಸೂಕ್ಷ್ಮ ಕಣ ಸಿಕ್ಕಿಕೊಂಡರೂ ಕೆಲಸ ಕೆಟ್ಟಿತು.

ಹೈಡ್ರಾಲಿಕ್ ಬಿಡಿಭಾಗಗಳಿಗೆ ಹೆಸರಾದ ಬೆಳಗಾವಿಯ ಸಣ್ಣ ಕೈಗಾರಿಕೆಗಳಿಗೆ ಇಷ್ಟು ನಯವಾಗಿ ಲೋಹವನ್ನು ಕಡೆಯುವುದು ಅಸಾಧ್ಯವೇನಲ್ಲ. ತೊಡಕಿರುವುದು ಲೇತಿನಲ್ಲಲ್ಲ, ಪ್ರಮಾಣಪತ್ರದಲ್ಲಿ. ಹೈಡ್ರೋಜನ್ ಸಲ್ಫೈಡ್ ಗಡಸು ಉಕ್ಕನ್ನೇ ಹುಡುಕಿ ಸೀಳುತ್ತದೆ. ಆದುದರಿಂದ ಐಎಸ್‌ಒ 15156 ಮಾನದಂಡವು ಇಂಗಾಲದ ಉಕ್ಕಿನ ಗಡಸುತನಕ್ಕೆ ಸಾಮಾನ್ಯವಾಗಿ ರಾಕ್‌ವೆಲ್ ಸಿ 22ರ ಮಿತಿ ಹಾಕಿದೆ. ಗಡಸಾದಷ್ಟೂ ಒಳ್ಳೆಯದೆಂಬ ಕಾರ್ಖಾನೆಯ ರೂಢಿಯ ನಂಬಿಕೆ ಇಲ್ಲಿ ಕೈಕೊಡುತ್ತದೆ.

ತೈಲ ಕಂಪನಿಗಳ ಖರೀದಿದಾರರು ದರಕ್ಕಿಂತ ಮೊದಲು ಕೇಳುವುದು ಲೋಹದ ಮೂಲವನ್ನು, ಒತ್ತಡ ಪರೀಕ್ಷೆಯ ದಾಖಲೆಯನ್ನು. ಆ ಪರೀಕ್ಷಾ ಸಲಕರಣೆಗಳ ವೆಚ್ಚ ಒಂಟಿ ಘಟಕಕ್ಕೆ ನಿಲುಕದು. ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಕೇಂದ್ರ ಸರ್ಕಾರದ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಲ್ಲಿ ನೆರವು ಉಂಟು. ಇನ್ನೂ ಒಂದು ಸಿಎನ್‌ಸಿ ಯಂತ್ರಕ್ಕೆ ಸಾಲ ಮಾಡುವ ಮುನ್ನ, ನೆರೆಹೊರೆಯ ಪೈಪೋಟಿಯನ್ನು ಬದಿಗಿಟ್ಟು, ಅಧಿಕ ಒತ್ತಡದ ಪರೀಕ್ಷಾಲಯವೊಂದಕ್ಕೆ ಉದ್ಯಮಿಗಳು ಒಟ್ಟಾಗಿ ಅರ್ಜಿ ಸಲ್ಲಿಸುವುದು ಲೇಸು.