ಡಾಲ್ಫಿನ್ನಿನ ಎಂಜಿನ್ ಕೀಳಬೇಡಿ

2018ರ ಮೇ ತಿಂಗಳಲ್ಲಿ ಬ್ರಿಟನ್ನಿನ ರಾಜಕುಮಾರ ಹ್ಯಾರಿ ಮದುವೆಯ ಸಂಜೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಂಡ್ಸರ್ ಕೋಟೆಯಿಂದ ಹೊರಟದ್ದು 1968ರ ಜಾಗ್ವಾರ್ ಇ-ಟೈಪ್ ಕಾರಿನಲ್ಲಿ. ಆರು ಸಿಲಿಂಡರಿನ ಎಂಜಿನ್ ಇದ್ದ ಜಾಗದಲ್ಲಿ 40 ಕಿಲೋವ್ಯಾಟ್ ಗಂಟೆಯ ಬ್ಯಾಟರಿ, ಗೇರ್‌ಬಾಕ್ಸ್ ಇದ್ದ ಕಡೆ ಮೋಟರ್ ಬಂದು ಕೂತಿದ್ದವು. ಇದನ್ನು ಮಾಡಿದ್ದು ಯಾವುದೋ ಗ್ಯಾರೇಜ್ ಅಲ್ಲ, 2008ರಿಂದ ಟಾಟಾ ಒಡೆತನದಲ್ಲಿರುವ ಜಾಗ್ವಾರ್ ಕಂಪನಿಯೇ. ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ಇಳಿಸಿ ಬ್ಯಾಟರಿ ಏರಿಸುವುದು ಈಗ ಬ್ರಿಟನ್, ಅಮೆರಿಕಗಳಲ್ಲಿ ಒಂದು ಉದ್ಯೋಗವೇ ಆಗಿದೆ, ಅದರ ಜೊತೆಗೆ ಜಗಳವೂ ಬೆಳೆದಿದೆ. ನಮ್ಮಲ್ಲೂ ಆ ಮಾತು ಬಂದು ಕೆಲವು ವರ್ಷಗಳಾದವು. 2021ರಲ್ಲಿ ದೆಹಲಿ ಸರ್ಕಾರ ವಯಸ್ಸು ಮೀರಿದ ಡೀಸೆಲ್ ವಾಹನಗಳಿಗೆ ಎಲೆಕ್ಟ್ರಿಕ್ ಕಿಟ್ ಹಾಕಿಸಿ ಓಡಿಸಬಹುದು ಎಂದಿತು. ಅಂದಿನಿಂದ ಹಳೆಯ ಗಾಡಿ ಇರುವವರಿಗೆಲ್ಲ ಒಂದೇ ಬುದ್ಧಿವಾದ: ಗುಜರಿಗೆ ಹಾಕುವ ಬದಲು ಎಲೆಕ್ಟ್ರಿಕ್ ಮಾಡಿಸಿ. ದಿನವಿಡೀ ದುಡಿಯುವ ಗಾಡಿಗೆ ಈ ಮಾತು ಒಪ್ಪುತ್ತದೆ. ಚರಿತ್ರೆಯಾಗಿ ಉಳಿಯಬೇಕಾದ ಗಾಡಿಗೆ ಒಪ್ಪುವುದಿಲ್ಲ. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿರುವುದೇ ಇಂದಿನ ತಪ್ಪು, ಮತ್ತು ನಮ್ಮ ಕಾನೂನು ಆ ತಪ್ಪಿಗೆ ದಾರಿ ಮಾಡಿಕೊಟ್ಟಿದೆ.

ಚರಿತ್ರೆಯ ಕಾರು ಎಂದರೆ ಅರಮನೆಯ ರೋಲ್ಸ್ ರಾಯ್ಸ್ ಎಂದುಕೊಳ್ಳುವವರು ಬಹಳ. ಅಂಥ ಕಾರುಗಳಿಗೆ ಕಾಳಜಿ ಮಾಡುವವರಿದ್ದಾರೆ, ಮ್ಯೂಸಿಯಂಗಳಿವೆ. ನಾನು ಹೇಳುತ್ತಿರುವುದು ಬೆಂಗಳೂರಿನ ಸಿಪಾನಿ ಕಾರ್ಖಾನೆಯಲ್ಲಿ 1982ರಿಂದ ತಯಾರಾದ ಡಾಲ್ಫಿನ್ ಬಗ್ಗೆ. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಮಾದರಿ, ಫೈಬರ್‌ಗ್ಲಾಸ್ ಬಾಡಿ, ಎರಡು ಬಾಗಿಲು, ಹಿಂದಿನ ಚಕ್ರಕ್ಕೆ ಎಳೆತ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಬಿಟ್ಟರೆ ಬೇರೆ ಕಾರು ಕಾಣುವುದೇ ಅಪರೂಪವಾಗಿದ್ದ ದೇಶದಲ್ಲಿ ಕನ್ನಡ ನೆಲದ ಒಂದು ಸಣ್ಣ ಕಂಪನಿ ಈ ಸಾಹಸಕ್ಕೆ ಕೈಹಾಕಿತು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗಲು ಅದು ಇಕ್ಕಟ್ಟು. ಆದರೆ ಹಗುರ ಮೈ, ಸುತ್ತು ಏರಿದಷ್ಟೂ ಹುರುಪಾಗುವ ಎಂಜಿನ್. ದಕ್ಷಿಣದ ರ‍್ಯಾಲಿಗಳಲ್ಲಿ ಓಡಿಸುವವರು ಅದನ್ನು ಹುಡುಕಿಕೊಂಡು ಬಂದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಮಾರುಕಟ್ಟೆ ಆ ಕಡೆಗೆ ಹೊರಳಿತು. ಈಗ ಡಾಲ್ಫಿನ್ ರಸ್ತೆಯಲ್ಲಿ ಕಂಡರೆ ಜನ ನಿಂತು ನೋಡುತ್ತಾರೆ. ಕರ್ನಾಟಕಕ್ಕೆ ತನ್ನದೇ ಒಂದು ಸ್ಪೋರ್ಟ್ಸ್ ಕಾರು ಇತ್ತು ಎಂದರೆ ಅದು ಇದೇ. ಇದರ ಜೊತೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳನ್ನೂ ಸೇರಿಸಿಕೊಳ್ಳಿ. 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯ ಗಾಡಿಗಳನ್ನು ಇಂದಿಗೂ ಪ್ರತಿ ಜುಲೈನಲ್ಲಿ ತೊಳೆದು ಒರೆಸಿ ಮೆರವಣಿಗೆ ಹೊರಡಿಸುವ ಜನ ನಮ್ಮಲ್ಲಿದ್ದಾರೆ.

ಇಂಥ ಗಾಡಿಯನ್ನು ಎಲೆಕ್ಟ್ರಿಕ್ ಮಾಡುವುದೆಂದರೆ ಏನು ಮಾಡುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮೊದಲು ಚೈನ್ ಬ್ಲಾಕ್ ಹಾಕಿ ಎಂಜಿನ್ ಎತ್ತುತ್ತಾರೆ. ರೇಡಿಯೇಟರ್, ಕಾರ್ಬುರೇಟರ್, ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್ ಹೊರಗೆ ಹೋಗುತ್ತವೆ. ಹಳೆಯ ಗೇರ್‌ಬಾಕ್ಸಿಗೆ ಲೇತ್‌ನಲ್ಲಿ ಕಡೆದ ಪ್ಲೇಟ್ ಜೋಡಿಸಿ ಮೋಟರ್ ಕೂರಿಸುತ್ತಾರೆ, ಇಲ್ಲವೇ ಗೇರ್‌ಬಾಕ್ಸನ್ನೂ ತೆಗೆಯುತ್ತಾರೆ. ಬಾನೆಟ್ ಕೆಳಗೆ ಅರ್ಧ, ಡಿಕ್ಕಿಯಲ್ಲಿ ಅರ್ಧ ಬ್ಯಾಟರಿ. ಜಾಗ ಸಾಲದಿದ್ದರೆ ಫ್ಲೋರ್ ಕತ್ತರಿಸಿ ಪೆಟ್ಟಿಗೆ ಬೆಸೆಯುತ್ತಾರೆ. ತೂಕ ಏರಿತೆಂದು ಸ್ಪ್ರಿಂಗ್, ಬ್ರೇಕ್ ಬದಲಾಗುತ್ತವೆ. ಹಗುರವೇ ಜೀವವಾಗಿದ್ದ ಡಾಲ್ಫಿನ್ನಿಗೆ ಇಷ್ಟೆಲ್ಲ ಮಾಡಿದ ಮೇಲೆ ಉಳಿಯುವುದು ಫೈಬರ್ ಚಿಪ್ಪು ಮತ್ತು ಹೆಸರು. ಆ ಎಂಜಿನ್ನಿಗಾಗಿಯೇ ಆ ಮೈ, ಆ ತೂಕ, ಆ ಸ್ಟೀರಿಂಗ್ ಆಗಿದ್ದವು. ಅದನ್ನು ತೆಗೆದರೆ ಉಳಿದದ್ದಕ್ಕೆ ಕಾರಣವೇ ಇರುವುದಿಲ್ಲ.

ಹಂಪಿಯ ಮಗ್ಗುಲಲ್ಲಿ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವೊಂದಿತ್ತು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಫೋಟೊದಲ್ಲಿ ಅದು ಕಾಣುತ್ತದೆ, ಈಗ ಇಲ್ಲ. ಐವತ್ತು ರೂಪಾಯಿ ನೋಟಿನ ಮೇಲಿರುವುದು ಗೋಪುರ ಕಳೆದುಕೊಂಡ ರಥ. ಫೋಟೊ ಇದ್ದುದರಿಂದ ಅದರ ಆಕಾರವಾದರೂ ನಮಗೆ ಗೊತ್ತಿದೆ. ಎಂಜಿನ್ನಿನ ಸದ್ದು, ನಡುಕ, ಗೇರ್ ಬದಲಿಸುವಾಗಿನ ಎಳೆತ ಯಾವ ಫೋಟೊದಲ್ಲೂ ಉಳಿಯುವುದಿಲ್ಲ. ಸ್ಮಾರಕಗಳ ರಕ್ಷಣೆಗೆ ಜಗತ್ತು 1964ರ ವೆನಿಸ್ ಸನ್ನದಿನಲ್ಲಿ ಒಂದು ನೀತಿ ಮಾಡಿಕೊಂಡಿತು: ಮೂಲವನ್ನು ಗೌರವಿಸು, ಊಹೆಯಿಂದ ಏನನ್ನೂ ಕಟ್ಟಬೇಡ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಅದೇ ದಾರಿ ಹಿಡಿದು ಟೂರಿನ್ ಸನ್ನದು ರೂಪಿಸಿತು. ಎಂಜಿನ್ ಕಿತ್ತು ಎಲೆಕ್ಟ್ರಿಕ್ ಮಾಡಿದ ಗಾಡಿ ಐತಿಹಾಸಿಕ ವಾಹನವಾಗಿ ಉಳಿಯುವುದಿಲ್ಲ ಎಂಬುದು ಅದರ ನಿಲುವು. ಮಾಡಲೇಬೇಕಿದ್ದರೆ ಮತ್ತೆ ಮೊದಲಿನಂತೆ ಜೋಡಿಸಲು ಬರುವ ಹಾಗೆ ಮಾಡಿ, ಬಿಚ್ಚಿದ್ದನ್ನೆಲ್ಲ ಜೋಪಾನವಾಗಿಡಿ ಎಂದೂ ಹೇಳಿದೆ. ಹಂಪಿಯಲ್ಲಿ ವಿದ್ಯುತ್ ಬಂದ ರೀತಿಯನ್ನೂ ಗಮನಿಸಿ. ಗೆಜ್ಜಲ ಮಂಟಪದಿಂದ ವಿಠ್ಠಲ ದೇವಾಲಯದವರೆಗೆ ಪೆಟ್ರೋಲ್, ಡೀಸೆಲ್ ಗಾಡಿ ನಿಲ್ಲಿಸಿ ಹೆಣ್ಣುಮಕ್ಕಳು ಓಡಿಸುವ ಬ್ಯಾಟರಿ ವಾಹನಗಳನ್ನು ಬಿಟ್ಟರು. ಹೊಸದು ಹಳೆಯದನ್ನು ಕಾಯಲು ಬಂತು, ಹಳೆಯದರ ಹೊಟ್ಟೆಯೊಳಗೆ ಹೋಗಿ ಕೂರಲಿಲ್ಲ.

ಪರಿಸರದ ಮಾತಿಗೆ ಬರೋಣ, ಏಕೆಂದರೆ ಎದುರಾಳಿಗಳ ಬಲ ಇರುವುದೇ ಅಲ್ಲಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಪ್ರೀತಿಯಿಂದ ಇಟ್ಟುಕೊಂಡ ಹಳೆಯ ಕಾರು ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡಿತು, ಲೀಟರಿಗೆ 18 ಕಿಲೋಮೀಟರ್ ಕೊಟ್ಟಿತು ಎಂದು ಹಿಡಿದರೆ 56 ಲೀಟರ್ ಪೆಟ್ರೋಲ್, ಸುಮಾರು 130 ಕಿಲೋ ಹೊಗೆ. ಈಗ ಅದಕ್ಕೆ 15 ಕಿಲೋವ್ಯಾಟ್ ಗಂಟೆಯ ಸಣ್ಣ ಬ್ಯಾಟರಿ ಹಾಕಿ. ಬ್ಯಾಟರಿ ತಯಾರಿಕೆಯ ಹೊಗೆಯನ್ನು ಕಡಿಮೆಯೆಂದರೂ ಕಿಲೋವ್ಯಾಟ್ ಗಂಟೆಗೆ 60 ಕಿಲೋ ಎಂದು ಹಿಡಿದರೆ ಕಾರು ಗ್ಯಾರೇಜಿನಿಂದ ಹೊರಬೀಳುವ ಮೊದಲೇ 900 ಕಿಲೋ ಸಾಲ. ಚಾರ್ಜ್ ಮಾಡುವ ಕರೆಂಟೇನೂ ಪುಕ್ಕಟೆ ಅಲ್ಲ. ಕುಡತಿನಿಯ ಬಳ್ಳಾರಿ ಉಷ್ಣ ವಿದ್ಯುತ್ ಕೇಂದ್ರದ 1,700 ಮೆಗಾವ್ಯಾಟ್ ಕಲ್ಲಿದ್ದಲಿನದೇ. ದೇಶದ ಸರಾಸರಿಯಂತೆ ಯುನಿಟ್‌ಗೆ 0.7 ಕಿಲೋ ಎಂದುಕೊಂಡರೆ ವರ್ಷದ ಸಾವಿರ ಕಿಲೋಮೀಟರಿಗೆ 80 ಕಿಲೋ ಮೀರುತ್ತದೆ. ಉಳಿತಾಯ ವರ್ಷಕ್ಕೆ ಐವತ್ತು ಕಿಲೋ ಸಹ ಆಗದು. 900 ಕಿಲೋ ಸಾಲ ತೀರಲು ಹತ್ತಿರ ಹತ್ತಿರ ಇಪ್ಪತ್ತು ವರ್ಷ. ಪೆಟ್ರೋಲನ್ನು ಶುದ್ಧೀಕರಿಸಿ ಸಾಗಿಸುವ ಹೊಗೆಯನ್ನೂ ಅದರ ಖಾತೆಗೆ ಹಾಕಿ, ಹತ್ತು ವರ್ಷ ದಾಟಿಯೇ ದಾಟುತ್ತದೆ. ಅಷ್ಟರಲ್ಲಿ ಬ್ಯಾಟರಿಯೇ ಮುದಿಯಾಗಿ ಇನ್ನೊಂದು ಬೇಕಾಗುತ್ತದೆ. ಅದೇ ಹೊಸಪೇಟೆ ಬಸ್ ನಿಲ್ದಾಣದ ಮುಂದೆ ದಿನಕ್ಕೆ ನೂರು ಕಿಲೋಮೀಟರ್ ಓಡುವ ಆಟೋಗೆ ಆ ಬ್ಯಾಟರಿ ಹಾಕಿ ನೋಡಿ. ವರ್ಷಕ್ಕೆ ಮೂವತ್ತು ಸಾವಿರ ಕಿಲೋಮೀಟರ್. ಸಾಲ ತಿಂಗಳುಗಳಲ್ಲಿ ತೀರುತ್ತದೆ. ಸಂಡೂರಿನ ಜನ ಕೆಮ್ಮಿದ್ದು ಅದಿರು ಲಾರಿಯ ದೂಳು ಹೊಗೆಗೆ. ಗಣಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರನ್ನು ಪೈಪ್ ಕನ್ವೇಯರ್‌ನಲ್ಲಿ ಸಾಗಿಸತೊಡಗಿದ್ದು ಆ ರಸ್ತೆಗಳಿಗೆ ಮಾಡಿದ ಉಪಕಾರವನ್ನು ಸಾವಿರ ಹಳೆಯ ಕಾರುಗಳಿಗೆ ಬ್ಯಾಟರಿ ಹಾಕಿದರೂ ಮಾಡಲಾಗುವುದಿಲ್ಲ. ಕಿಟ್ಟಿಗೆ ಸಹಾಯಧನ ಕೊಡುವ ಮನಸ್ಸು ಸರ್ಕಾರಕ್ಕಿದ್ದರೆ ಎಮ್ಮಿಗನೂರು, ಕಂಪ್ಲಿ ಕಡೆ ಭತ್ತದ ಚೀಲ ಹೊರುವ ಸರಕು ಆಟೋಗಳಿಗೆ ಕೊಡಲಿ.

ಟೂ ಸ್ಟ್ರೋಕ್ ವಿಷಯದಲ್ಲಿ ಎದುರಾಳಿಗಳ ಮಾತಿಗೆ ಹೆಚ್ಚು ತೂಕವಿದೆ, ಅದನ್ನು ಒಪ್ಪಬೇಕು. ಯೆಜ್ಡಿಯ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು, ಉರಿಯದ ಪೆಟ್ರೋಲಿನ ಒಂದು ಪಾಲು ಸೈಲೆನ್ಸರಿನಿಂದ ಹಾಗೇ ಹೊರಬೀಳುತ್ತದೆ. ಕಾರ್ಬನ್ ಲೆಕ್ಕ ಹೇಗೇ ಇರಲಿ, ಅದರ ಹಿಂದೆ ನಿಂತವನ ಮೂಗಿಗೆ ಬರುವ ಹೊಗೆ ನಿಜ. ಹಾಗಾಗಿ ದಿನದ ಓಡಾಟಕ್ಕೆ, ಪೇಟೆಯ ಗಲ್ಲಿಗಳಲ್ಲಿ ಅವು ಬೇಡ ಎಂದರೆ ನಾನು ಎದುರಾಡುವುದಿಲ್ಲ. ಭಾನುವಾರದ ಮೆರವಣಿಗೆಗೆ, ಪ್ರದರ್ಶನಕ್ಕೆ ಬಿಡಿ. ಗಾಡಿ ಓಡುವ ದಿನಗಳನ್ನು ಕಡಿಮೆ ಮಾಡುವುದರಿಂದ ಆಗುವ ಕೆಲಸಕ್ಕೆ ಗಾಡಿಯ ಎಂಜಿನ್ ತೆಗೆಯುವ ಅಗತ್ಯವಿಲ್ಲ.

ಇನ್ನು ಕಾನೂನು. ಐವತ್ತು ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳಿಗೆ ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿತು. ನಂಬರಿನಲ್ಲಿ ವಿಎ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ, ನವೀಕರಣಕ್ಕೆ 5,000 ರೂಪಾಯಿ. ಒಳ್ಳೆಯ ನಿಯಮ. ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬ ಷರತ್ತೂ ಅದರಲ್ಲಿದೆ, ಅದೂ ಸರಿಯೇ. ಆದರೆ 1982ರ ಡಾಲ್ಫಿನ್ನಿಗೆ ಐವತ್ತು ತುಂಬುವುದು 2032ಕ್ಕೆ. ಕಾರ್ಖಾನೆಯಿಂದ ಕೊನೆಗೆ ಬಂದ ಯೆಜ್ಡಿಗೆ 2046ಕ್ಕೆ. ಅಲ್ಲಿಯವರೆಗೆ ಆರ್‌ಟಿಓ ಲೆಕ್ಕದಲ್ಲಿ ಇವು ಬರೀ ಹಳೆಯ ಗಾಡಿಗಳು. ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ, ಹಸಿರು ತೆರಿಗೆ. ಇಪ್ಪತ್ತು ವರ್ಷ ಮೀರಿದ ಕಾರಿನ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ 5,000ದಿಂದ 10,000 ರೂಪಾಯಿಗೆ, ಬೈಕಿನದನ್ನು 1,000ದಿಂದ 2,000ಕ್ಕೆ ಏರಿಸಿದರು. ಈ ನಡುವಿನ ವರ್ಷಗಳಲ್ಲಿ ಮಾಲೀಕನ ಮೇಲೆ ಬೀಳುವ ಒತ್ತಡವೆಲ್ಲ ಎರಡೇ ಕಡೆಗೆ ತಳ್ಳುತ್ತದೆ: ಗುಜರಿಗೆ ಹಾಕು, ಇಲ್ಲವೇ ಎಲೆಕ್ಟ್ರಿಕ್ ಮಾಡಿಸು. ಮಾಡಿಸಿದ ದಿನವೇ ಆ ಗಾಡಿ ಮುಂದೆ ವಿಎ ನಂಬರು ಪಡೆಯುವ ಅರ್ಹತೆ ಕಳೆದುಕೊಳ್ಳುತ್ತದೆ. ಒಂದು ಕೈಯಿಂದ ಚರಿತ್ರೆಗೆ ಮನ್ನಣೆ ಕೊಡುವ ಸರ್ಕಾರ, ಇನ್ನೊಂದು ಕೈಯಿಂದ ಆ ಮನ್ನಣೆ ಸಿಗುವ ಮೊದಲೇ ಗಾಡಿಯನ್ನು ಮುಗಿಸುತ್ತಿದೆ.

ಪೆಟ್ರೋಲೇ ಕೆಟ್ಟಿದೆಯಲ್ಲ ಎಂದು ಕೇಳುವವರಿದ್ದಾರೆ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ಗಾಡಿಯ ರಬ್ಬರ್ ಪೈಪು, ವಾಷರುಗಳನ್ನು ತಿನ್ನುತ್ತದೆ, ನೀರು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ, ನಿಜ. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಆದರೂ ಎಥೆನಾಲ್ ತಾಳುವ ಪೈಪು, ಸೀಲುಗಳು ಸಿಗುತ್ತವೆ, ಅವನ್ನು ಹಾಕಿಸುವ ಖರ್ಚು ಬ್ಯಾಟರಿಯ ಮುಂದೆ ಏನೂ ಅಲ್ಲ. ಹಿಂದೆ ಪೆಟ್ರೋಲ್ ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಕೂರಿಸಲಿಲ್ಲವೇ, ಆಗ ಯಾರೂ ಅಳಲಿಲ್ಲವಲ್ಲ ಎಂಬುದು ಇನ್ನೊಂದು ಮಾತು. ಆಗ ಅಂಬಾಸಿಡರ್ ದಿನವೂ ತಯಾರಾಗುತ್ತಿತ್ತು, ಟ್ಯಾಕ್ಸಿಯವನು ಹೊಟ್ಟೆಪಾಡಿಗೆ ಮಾಡಿಕೊಂಡ. ಡಾಲ್ಫಿನ್ ಇನ್ನೊಂದು ತಯಾರಾಗುವುದಿಲ್ಲ. ನನ್ನ ಕಾರು, ನನ್ನ ದುಡ್ಡು ಎನ್ನುವವರಿಗೆ ನಾನು ಕಾನೂನಿನ ತಡೆ ಒಡ್ಡಬೇಕು ಎನ್ನುತ್ತಿಲ್ಲ. ಎಂಜಿನ್ ಎಂದೋ ಗುಜರಿ ಸೇರಿ ಬರೀ ಬಾಡಿ ಉಳಿದ ಕಾರಿಗೆ ಮೋಟರ್ ಹಾಕುವುದಾದರೆ ನನ್ನ ಆಕ್ಷೇಪವೂ ಇಲ್ಲ. ಕೆಡದ ಎಂಜಿನ್ನನ್ನು ಫ್ಯಾಷನ್ನಿಗೆ ಕೀಳಬೇಡಿ ಎನ್ನುತ್ತೇನೆ. ಎಲೆಕ್ಟ್ರಿಕ್ ಕಾರಿನಲ್ಲಿ ಕರ್ನಾಟಕಕ್ಕೆ ತನ್ನದೇ ಹೆಮ್ಮೆ ಇದೆ. 2001ರಲ್ಲಿ ಬೆಂಗಳೂರಿನ ರೇವಾ ರಸ್ತೆಗಿಳಿದು ಲಂಡನ್ನಿನವರೆಗೂ ಹೋಯಿತು. ಅದು ಬೇರೆ ಕಾರಿನ ಚಿಪ್ಪಿನೊಳಗೆ ಹುಟ್ಟಲಿಲ್ಲ. ಉಳಿದ ರೇವಾಗಳೂ ಒಂದು ದಿನ ಚರಿತ್ರೆಯ ಕಾರುಗಳೇ, ಅವುಗಳ ಮೋಟರನ್ನೂ ಹೀಗೆಯೇ ಕಾಯಬೇಕು.

ಮಾಡಬೇಕಾದದ್ದು ದೊಡ್ಡದೇನಲ್ಲ. ತಯಾರಿಕೆ ನಿಂತು ಹೋದ ಮಾದರಿಗಳಿಗೆ ಐವತ್ತರ ಬದಲು ಮೂವತ್ತು ವರ್ಷಕ್ಕೇ ವಿಎ ನೋಂದಣಿ ಸಿಗಲಿ, ವರ್ಷಕ್ಕೆ ಇಂತಿಷ್ಟೇ ಓಡಬೇಕೆಂಬ ಮಿತಿ ಬೇಕಿದ್ದರೆ ಹಾಕಲಿ. ಆಸ್ಟನ್ ಮಾರ್ಟಿನ್ ಕಂಪನಿ 2018ರ ಡಿಸೆಂಬರಿನಲ್ಲಿ ತನ್ನ ಡಿಬಿ6 ಕಾರಿಗೆ ಹಳೆಯ ಎಂಜಿನ್ ಕೂರುವ ಜಾಗದಲ್ಲೇ ಕೂರುವ, ಬೇಕೆಂದಾಗ ತೆಗೆದು ಎಂಜಿನ್ ಮರಳಿಸಬಹುದಾದ ವಿದ್ಯುತ್ ಪೆಟ್ಟಿಗೆ ಮಾಡಿ ತೋರಿಸಿತು. ನಮ್ಮಲ್ಲೂ ಹಳೆಯ ಮಾದರಿಗೆ ಕಿಟ್ ಅನುಮೋದಿಸುವಾಗ ಚಾಸಿಸ್ ಕತ್ತರಿಸಬಾರದು, ಬೆಸುಗೆ ಹಾಕಬಾರದು ಎಂಬ ಷರತ್ತಿರಲಿ. ಕಿತ್ತ ಎಂಜಿನ್ನಿನ ನಂಬರನ್ನು ಆರ್‌ಸಿಯಿಂದ ಅಳಿಸದೆ, ಎಂಜಿನ್ ಎಲ್ಲಿದೆ ಎಂಬುದರ ಜೊತೆಗೆ ದಾಖಲಿಸಲಿ. ಅಂಥ ಗಾಡಿಗೆ ಎಂಜಿನ್ ಮರಳಿ ಕೂರಿಸಿದರೆ ವಿಂಟೇಜ್ ಅರ್ಹತೆಯೂ ಮರಳಬೇಕು. ಡಾಲ್ಫಿನ್ನಿನ ಮಟ್ಟಿಗೆ 2032ರ ಒಳಗೆ ಈ ತಿದ್ದುಪಡಿ ಆಗಬೇಕು, ಕರ್ನಾಟಕದ ಸಾರಿಗೆ ಇಲಾಖೆ ಅದನ್ನು ಕೇಂದ್ರಕ್ಕೆ ಈಗಲೇ ಬರೆಯಬೇಕು.