ಮನೆ ಇಲ್ಲದೆ ಖಾತೆ ಇಲ್ಲ, ಖಾತೆ ಇಲ್ಲದೆ ಮನೆ ಇಲ್ಲ: ವಿದೇಶಕ್ಕೆ ಹೋದವರ ಈ ಗೋಳು ಎಷ್ಟು ನಿಜ?

ಓದಲಿಕ್ಕೋ ಕೆಲಸಕ್ಕೋ ಮಕ್ಕಳು ವಿದೇಶಕ್ಕೆ ಹೊರಟರೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಸಲಹೆಗಳ ಸುರಿಮಳೆ ಶುರುವಾಗುತ್ತದೆ. ಅಲ್ಲಿ ವಿಳಾಸ ಇಲ್ಲದಿದ್ದರೆ ಬ್ಯಾಂಕ್ ಖಾತೆ ಕೊಡುವುದಿಲ್ಲ, ಖಾತೆ ಇಲ್ಲದಿದ್ದರೆ ಮನೆ ಕೊಡುವುದಿಲ್ಲ, ಅದಕ್ಕೆ ಇಲ್ಲಿಂದಲೇ ಅಡ್ವಾನ್ಸ್ ಕಳಿಸಿ ಮನೆ ಹಿಡಿದುಬಿಡಿ ಎನ್ನುವುದು ಅವುಗಳಲ್ಲಿ ಒಂದು. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಕೂತು ಇದನ್ನು ಓದುವ ಅಪ್ಪ-ಅವ್ವನಿಗೆ ಸಾವಿರಾರು ಮೈಲಿ ದೂರದ ಊರಿನ ಕಾನೂನು ಗೊತ್ತಿರುವುದಿಲ್ಲ. ಮಗಳು ಬೀದಿಯಲ್ಲಿ ನಿಲ್ಲಬಾರದು ಎಂಬ ಒಂದೇ ಚಿಂತೆಯಲ್ಲಿ ಅವರು ಹಣ ಕಳಿಸಿಬಿಡುವ ಸಾಧ್ಯತೆ ಹೆಚ್ಚು.

ನಾವು ಪರಿಶೀಲಿಸಿದಾಗ ತಿಳಿದದ್ದು ಇಷ್ಟು: ತೊಂದರೆ ನಿಜ, ಆದರೆ ದಾರಿ ಪೂರ್ತಿ ಮುಚ್ಚಿಲ್ಲ. ಹಲವು ದೇಶಗಳ ಕಾನೂನಿನಲ್ಲೇ ಇದರಿಂದ ಹೊರಬರುವ ಬಾಗಿಲು ಇದೆ. ನೋಡದ ಮನೆಗೆ ಮೊದಲೇ ಹಣ ಕಳಿಸುವುದು ಆ ಬಾಗಿಲಲ್ಲ.

ಬ್ಯಾಂಕು ವಿಳಾಸವನ್ನೇ ಯಾಕೆ ಕೇಳುತ್ತದೆ?

ನಮ್ಮಲ್ಲೂ ಖಾತೆ ತೆರೆಯಲು ಹೋದರೆ ಕೆವೈಸಿ ಕೇಳುತ್ತಾರೆ. ರಿಸರ್ವ್ ಬ್ಯಾಂಕ್ ಇದರ ನಿಯಮ ತಂದದ್ದು 2002ರಲ್ಲಿ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಜಾರಿಗೆ ಬಂದದ್ದು 2005ರ ಜುಲೈ 1ರಂದು. ಇದು ಭಾರತಕ್ಕೆ ಮಾತ್ರ ಸೀಮಿತವಾದ ಪದ್ಧತಿಯಲ್ಲ. 1989ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಎಫ್‌ಎಟಿಎಫ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ, ಖಾತೆದಾರ ಯಾರು ಎಂಬುದನ್ನು ಬ್ಯಾಂಕುಗಳು ಖಚಿತಪಡಿಸಿಕೊಳ್ಳಬೇಕು ಎಂಬ ಮಾನದಂಡ ಹಾಕಿಕೊಟ್ಟಿದೆ. ಭಾರತ 2010ರಲ್ಲಿ ಇದರ ಸದಸ್ಯ ದೇಶವಾಯಿತು.

ಹಾಗಾಗಿ ಕೌಂಟರ್‌ನಲ್ಲಿ ಕೂತವರು ವಿಳಾಸದ ದಾಖಲೆ ಕೇಳಿದರೆ ಅದು ಭಾರತೀಯರ ಮೇಲಿನ ಸಿಟ್ಟು ಎಂದುಕೊಳ್ಳಬೇಕಾಗಿಲ್ಲ. ಬೇರೆ ಊರಿನಿಂದ ಹುಬ್ಬಳ್ಳಿಗೆ ಬಂದವರು ಗ್ಯಾಸ್ ಕನೆಕ್ಷನ್‌ಗೆ, ಬ್ಯಾಂಕಿಗೆ 11 ತಿಂಗಳ ಬಾಡಿಗೆ ಕರಾರು ಹಿಡಿದು ಓಡಾಡುವುದೂ ಇದೇ ಕಾರಣಕ್ಕೆ. (ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಅದಕ್ಕೇ 11 ತಿಂಗಳ ರೂಢಿ.)

ಮನೆ ಮಾಲೀಕರು ಏನು ನೋಡುತ್ತಾರೆ?

ಬಾಡಿಗೆ ತಪ್ಪದೆ ಬರುತ್ತದೆಯೇ ಎಂದು ನೋಡುತ್ತಾರೆ. ಅದಕ್ಕೆ ಸಂಬಳದ ಚೀಟಿ, ಹಿಂದಿನ ಮಾಲೀಕರ ಪತ್ರ, ಸಾಲದ ಇತಿಹಾಸ ಕೇಳುತ್ತಾರೆ. ನಿಮ್ಮ ಸಿಬಿಲ್ ಅಂಕ ಇಲ್ಲಿ ಎಷ್ಟೇ ಚೆನ್ನಾಗಿದ್ದರೂ ಸಾಮಾನ್ಯವಾಗಿ ಅದು ಗಡಿ ದಾಟುವುದಿಲ್ಲ. ಹೊಸ ದೇಶದಲ್ಲಿ ನೀವು ಕೆಟ್ಟ ಸಾಲಗಾರರೂ ಅಲ್ಲ, ಒಳ್ಳೆಯ ಸಾಲಗಾರರೂ ಅಲ್ಲ. ನಿಮ್ಮ ಪುಟ ಖಾಲಿ ಇರುತ್ತದೆ, ಅಷ್ಟೆ.

ಹೆಸರು, ಮೈಬಣ್ಣ ನೋಡಿ ಮನೆ ಇಲ್ಲ ಎನ್ನುವವರೂ ಇದ್ದಾರೆ, ಅದನ್ನು ಮುಚ್ಚಿಡುವಂತಿಲ್ಲ. ನಮ್ಮ ಊರುಗಳಲ್ಲೂ ಬಾಡಿಗೆ ಮನೆ ಕೇಳಿದರೆ ಜಾತಿ ಯಾವುದು, ಊಟ ಏನು ಎಂದು ಕೇಳುವುದು ಹೊಸದಲ್ಲ. ಜರ್ಮನಿಯಲ್ಲಿ 2006ರ ಸಮಾನ ನಡವಳಿಕೆ ಕಾಯ್ದೆ ಜನಾಂಗದ ಆಧಾರದ ಮೇಲೆ ಹೀಗೆ ಮಾಡುವುದನ್ನು ತಡೆಯುತ್ತದೆ. ಆದರೆ ಅದನ್ನು ಸಾಬೀತು ಮಾಡುವುದು ಸುಲಭವಲ್ಲ.

ಜರ್ಮನಿ: ಗಂಟು ಬಿಗಿಯಾಗುವುದು ಎಲ್ಲಿ, ಬಿಚ್ಚುವುದು ಎಲ್ಲಿ?

ಈ ಸಮಸ್ಯೆ ಸ್ಪಷ್ಟವಾಗಿ ಕಾಣುವ ದೇಶ ಜರ್ಮನಿ. ಅಲ್ಲಿ ಓದಲು ಹೋಗುವ ಹೆಚ್ಚಿನವರು ವೀಸಾಕ್ಕೆ ಮೊದಲು ಸ್ಪೆರ್‌ಕೊಂಟೊ ಎಂಬ ನಿರ್ಬಂಧಿತ ಖಾತೆಯಲ್ಲಿ ಒಂದು ವರ್ಷದ ಖರ್ಚಿನ ಹಣ ಇಡುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ 11,904 ಯೂರೋ. ಅಲ್ಲಿ ಇಳಿದ ಮೇಲೆ ತಿಂಗಳಿಗೆ 992 ಯೂರೋ ಬಿಡುಗಡೆಯಾಗುತ್ತದೆ, ಆದರೆ ಅದು ಹೋಗುವುದು ನಿಮ್ಮ ಮಾಮೂಲಿ ಚಾಲ್ತಿ ಖಾತೆಗೆ. ಆ ಖಾತೆ ಇಲ್ಲದಿದ್ದರೆ ಹಣ ನಿಮ್ಮದೇ ಆದರೂ ಕೈಗೆ ಬರುವುದಿಲ್ಲ.

ಇನ್ನೊಂದು ಕಡೆ, ಮನೆ ಸೇರಿದ ಎರಡು ವಾರದೊಳಗೆ ಪಾಲಿಕೆ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. 2015ರ ನವೆಂಬರ್ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಈತ ನಮ್ಮ ಮನೆಗೆ ಬಂದಿದ್ದಾನೆ ಎಂದು ಮಾಲೀಕರೂ ಬರೆದು ಕೊಡಬೇಕು. ತಾತ್ಕಾಲಿಕವಾಗಿ ಕೋಣೆ ಕೊಡುವ ಕೆಲವರು ಈ ಪತ್ರ ಕೊಡಲು ಒಪ್ಪುವುದಿಲ್ಲ. ಪತ್ರ ಇಲ್ಲದಿದ್ದರೆ ನೋಂದಣಿ ಇಲ್ಲ. ನೋಂದಣಿ ಇಲ್ಲದಿದ್ದರೆ ತೆರಿಗೆ ಸಂಖ್ಯೆ ಬರುವುದು ತಡವಾಗುತ್ತದೆ, ಕೆಲವು ಬ್ಯಾಂಕುಗಳೂ ಬಾಗಿಲು ಹಾಕುತ್ತವೆ.

ಇದನ್ನು ಬಿಚ್ಚುವ ದಾರಿಗಳು ಇಲ್ಲಿವೆ:

- ಮೂಲ ಖಾತೆಯ ಹಕ್ಕು. ಯುರೋಪಿಯನ್ ಒಕ್ಕೂಟದ 2014ರ ನಿರ್ದೇಶನವನ್ನು ಅನುಸರಿಸಿ 2016ರ ಜೂನ್‌ನಿಂದ ಜರ್ಮನಿಯಲ್ಲಿ ಬಾಸಿಸ್‌ಕೊಂಟೊ, ಅಂದರೆ ಮೂಲ ಖಾತೆ, ಜಾರಿಯಲ್ಲಿದೆ. ಕಾನೂನುಬದ್ಧವಾಗಿ ಅಲ್ಲಿ ಇರುವ ಯಾರೇ ಕೇಳಿದರೂ, ಸ್ಥಿರ ವಿಳಾಸ ಇಲ್ಲದವರಾದರೂ, ಸಾಮಾನ್ಯ ಗ್ರಾಹಕರಿಗೆ ಖಾತೆ ಕೊಡುವ ಬ್ಯಾಂಕು ಇದನ್ನು ಕೊಡಬೇಕು. ಅರ್ಜಿ ಬಂದ 10 ಕೆಲಸದ ದಿನಗಳಲ್ಲಿ ಒಪ್ಪಂದದ ಪ್ರಸ್ತಾವ ಬರಬೇಕು. ಅಂಚೆ ತಲುಪುವ ಒಂದು ವಿಳಾಸ ಕೊಟ್ಟರೆ ಸಾಕು. ಇಲ್ಲ ಎಂದರೆ ಬಾಫಿನ್ ಎಂಬ ಹಣಕಾಸು ನಿಯಂತ್ರಣ ಸಂಸ್ಥೆಗೆ ದೂರು ಕೊಡಬಹುದು.
- ಕಂತಿನಲ್ಲಿ ಡಿಪಾಸಿಟ್. ಅಲ್ಲಿ ಡಿಪಾಸಿಟ್ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಇರುವಂತಿಲ್ಲ. ಅದನ್ನೂ ಮೂರು ಸಮ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. ಮೊದಲ ಕಂತು ಕೊಡಬೇಕಾದದ್ದು ಬಾಡಿಗೆ ಅವಧಿ ಶುರುವಾದಾಗ.
- ವಿದ್ಯಾರ್ಥಿ ನಿಲಯ. ಸ್ಟುಡಿಯೆರೆಂಡೆನ್‌ವೆರ್ಕ್ ಸಂಸ್ಥೆಗಳ ನಿಲಯದಲ್ಲಿ ಕೋಣೆ ಸಿಕ್ಕರೆ ನೋಂದಣಿಗೆ ಬೇಕಾದ ಪತ್ರವೂ ಸಿಗುತ್ತದೆ. ಕಾಯುವವರ ಪಟ್ಟಿ ಉದ್ದವಿರುತ್ತದೆ. ಆದ್ದರಿಂದ ಪ್ರವೇಶ ಖಚಿತವಾದ ದಿನವೇ ಅರ್ಜಿ ಹಾಕುವುದು ಒಳ್ಳೆಯದು.

ಚಿಕ್ಕದಾಗಿ ಕಂಡರೂ ಮುಖ್ಯವಾದ ಇನ್ನೊಂದು ಮಾತು: ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಗುಡಿಯ ಹಿಂದಿನ ಮನೆ, ಇಂಥವರ ಮಗ ಎಂದರೆ ನಮ್ಮೂರಿನ ಪೋಸ್ಟ್‌ಮನ್‌ಗೆ ತಿಳಿಯುತ್ತದೆ. ಅಲ್ಲಿ ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡ್, ಪಿನ್, ತೆರಿಗೆ ಸಂಖ್ಯೆಯ ಪತ್ರ ಎಲ್ಲವೂ ವಾಪಸ್ ಹೋಗಬಹುದು.

ಬೇರೆ ದೇಶಗಳಲ್ಲಿ ಹೇಗೆ?

*ಇಂಗ್ಲೆಂಡ್:* ಬಾಡಿಗೆಗೆ ಇರಲು ಹಕ್ಕಿದೆಯೇ ಎಂದು ಮಾಲೀಕರೇ ಪರಿಶೀಲಿಸಬೇಕು ಎಂಬ ನಿಯಮ 2016ರ ಫೆಬ್ರುವರಿ 1ರಿಂದ ಇಡೀ ಇಂಗ್ಲೆಂಡಿಗೆ ಅನ್ವಯ. ತಪ್ಪಿದರೆ ಮಾಲೀಕರಿಗೆ ದೊಡ್ಡ ದಂಡ. ಅದಕ್ಕೇ ಅವರು ವಿದೇಶಿಯರ ವೀಸಾ ವಿವರ ಕೇಳುತ್ತಾರೆ. 2019ರ ಜೂನ್ 1ರಿಂದ ಡಿಪಾಸಿಟ್‌ಗೆ ಮಿತಿ ಇದೆ: ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆ ಮಾತ್ರ. ಮನೆ ಕಾಯ್ದಿರಿಸಲು ಒಂದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಖಾತೆ ತೆರೆಯುವಾಗ ವಿಳಾಸದ ದಾಖಲೆಯಾಗಿ ವಿಶ್ವವಿದ್ಯಾಲಯದ ಪತ್ರವನ್ನು ಹಲವು ಬ್ಯಾಂಕುಗಳು ಒಪ್ಪುತ್ತವೆ.

*ಕೆನಡಾ:* ಸರಿಯಾದ ಗುರುತಿನ ದಾಖಲೆ ಇದ್ದರೆ, ಕೆಲಸ ಇಲ್ಲದಿದ್ದರೂ, ಮೊದಲಿಗೆ ಕಟ್ಟಲು ಹಣ ಇಲ್ಲದಿದ್ದರೂ ಖಾತೆ ತೆರೆಯುವ ಹಕ್ಕು ಇದೆ. ಒಂಟಾರಿಯೊ ಪ್ರಾಂತ್ಯದಲ್ಲಿ ತಿಂಗಳ ಬಾಡಿಗೆಯ ಮನೆಗೆ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳುವಂತಿಲ್ಲ.

*ಅಮೆರಿಕ:* ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದೆ ಖಾತೆಯೇ ಇಲ್ಲ ಎನ್ನುವುದು ಸರಿಯಲ್ಲ. ವಿದೇಶಿಯರ ಪಾಸ್‌ಪೋರ್ಟ್ ಸಂಖ್ಯೆಯನ್ನು ತೆಗೆದುಕೊಳ್ಳಲು ನಿಯಮ ಅವಕಾಶ ಕೊಡುತ್ತದೆ. ಒಪ್ಪುವುದು ಬಿಡುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಒಂದು ಕಡೆ ಆಗದಿದ್ದರೆ ಇನ್ನೊಂದು ಬ್ಯಾಂಕ್ ನೋಡಿ.

ಈ ನಾಲ್ಕು ಮಾತು ಫಾರ್ವರ್ಡ್ ಮಾಡುವ ಮೊದಲು ಓದಿ

ಮಾತು 1: ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಹಣ ಹಾಕಿದರೆ ಕೀಲಿ ಕೊರಿಯರ್‌ನಲ್ಲಿ ಬರುತ್ತದೆ.
ಬಾಡಿಗೆ ವಂಚನೆಯಲ್ಲಿ ಪದೇ ಪದೇ ಕಾಣುವ ಕಥೆ ಇದು. ಸುಂದರ ಫೋಟೊ, ಪೇಟೆಗಿಂತ ಕಡಿಮೆ ಬಾಡಿಗೆ, ಇವತ್ತೇ ಹಣ ಹಾಕಿ ಎಂಬ ಅವಸರ, ಈ ಮೂರೂ ಸೇರಿದರೆ ಹಣ ಕಳಿಸಬೇಡಿ. ಪಾಸ್‌ಪೋರ್ಟಿನ ಫೋಟೊ ಕಳಿಸಿದ ಮಾತ್ರಕ್ಕೆ ಅವರು ಮಾಲೀಕರಾಗುವುದಿಲ್ಲ. ಅದು ಮೊದಲು ಮೋಸ ಹೋದ ಇನ್ಯಾರದೋ ಪಾಸ್‌ಪೋರ್ಟ್ ಇರಬಹುದು.

ಮಾತು 2: ಹಣ ಕೊಟ್ಟರೆ ವಿಳಾಸದ ಪತ್ರ ಮಾಡಿಸಿಕೊಡುತ್ತಾರೆ, ಅಲ್ಲಿ ಇರಬೇಕಾಗಿಲ್ಲ.
ಜರ್ಮನಿಯಲ್ಲಿ ಇದು ಕಾನೂನುಬಾಹಿರ. ವಾಸಕ್ಕೆ ಕೊಡದೆ ಬರೀ ವಿಳಾಸ ಒದಗಿಸುವವರಿಗೆ 50,000 ಯೂರೋವರೆಗೆ ದಂಡ ಇದೆ. ಬಳಸಿಕೊಂಡವರಿಗೂ ತೊಂದರೆ ತಪ್ಪಿದ್ದಲ್ಲ.

ಮಾತು 3: ಖಾತೆ ಸಿಗುವ ತನಕ ಗೆಳೆಯರ ಖಾತೆ ಬಳಸಿ, ಆಮೇಲೆ ನಿಮ್ಮ ಖಾತೆ ಬೇರೆಯವರಿಗೆ ಕೊಟ್ಟು ಕಮಿಷನ್ ಗಳಿಸಿ.
ಇದು ಎಲ್ಲಕ್ಕಿಂತ ಅಪಾಯದ ಸಲಹೆ. ಖಾತೆಯನ್ನು ಬಾಡಿಗೆಗೆ ಕೊಟ್ಟವರನ್ನು ಮ್ಯೂಲ್ ಎನ್ನುತ್ತಾರೆ. ಕಳ್ಳ ಹಣ ಅದರಲ್ಲಿ ಹರಿದರೆ ಕಾನೂನು ಹಿಡಿಯುವುದು ಖಾತೆದಾರರನ್ನೇ. ಬ್ರಿಟನ್ನಿನಲ್ಲಿ ಸಿಫಾಸ್ ಎಂಬ ವಂಚನೆ ತಡೆ ದಾಖಲೆಯಲ್ಲಿ ಹೆಸರು ಸೇರಿದರೆ 6 ವರ್ಷದವರೆಗೆ ಉಳಿಯುತ್ತದೆ. ಅಲ್ಲಿಯವರೆಗೆ ಹೊಸ ಖಾತೆ, ಮೊಬೈಲ್ ಕರಾರು ಸಿಗುವುದೂ ಕಷ್ಟ.

ಮಾತು 4: ವಿದೇಶಕ್ಕೆ ಹೋದರೆ ಇಲ್ಲಿನ ಖಾತೆ ಮುಚ್ಚಿಹೋಗುತ್ತದೆ.
ತಪ್ಪು. ಫೆಮಾ ನಿಯಮದ ಪ್ರಕಾರ ಅನಿವಾಸಿಯಾದ ಮೇಲೆ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಬ್ಯಾಂಕಿಗೆ ತಿಳಿಸಿ ಅರ್ಜಿ ಕೊಟ್ಟರಾಯಿತು. ಖಾತೆಯಲ್ಲಿರುವ ಹಣ ಎಲ್ಲಿಗೂ ಹೋಗುವುದಿಲ್ಲ.

ಹೊರಡುವ ಮೊದಲು ಇಲ್ಲೇ ಮಾಡಬಹುದಾದದ್ದು

1. ಮೊದಲ ಮೂರು-ನಾಲ್ಕು ವಾರಕ್ಕೆ ತಾತ್ಕಾಲಿಕ ವಸತಿ ಗೊತ್ತು ಮಾಡಿ. ಅಲ್ಲಿ ವಿಳಾಸ ನೋಂದಾಯಿಸಲು ಬಿಡುತ್ತಾರೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ. ಖರ್ಚು ಹೆಚ್ಚೆನಿಸಬಹುದು. ಕಳೆದುಹೋಗುವ ಅಡ್ವಾನ್ಸಿಗಿಂತ ಇದು ಕಡಿಮೆ.
2. ಪ್ರವೇಶ ಪತ್ರ ಅಥವಾ ನೇಮಕಾತಿ ಪತ್ರ, ಸ್ಪೆರ್‌ಕೊಂಟೊ ದೃಢೀಕರಣ, ಇಲ್ಲಿನ ಮನೆ ಮಾಲೀಕರಿಂದ ಬಾಡಿಗೆ ಸರಿಯಾಗಿ ಕಟ್ಟಿದ್ದಾರೆ ಎಂಬ ಇಂಗ್ಲಿಷ್ ಪತ್ರ, ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಖಾಲಿ ಪುಟ ತುಂಬಲು ನಿಮ್ಮ ಹತ್ತಿರ ಮೊದಲಿಗೆ ಇರುವುದು ಇವೇ.
3. ಬ್ಯಾಂಕಿಗೆ ಕೊಟ್ಟ ಭಾರತದ ಸಿಮ್ ಚಾಲೂ ಇಡಿ. ಒಟಿಪಿ ಬರುವುದು ಅದಕ್ಕೇ. 2023ರಲ್ಲಿ 10 ದೇಶಗಳ ಮೊಬೈಲ್ ಸಂಖ್ಯೆಗೆ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಂದ ಯುಪಿಐ ಬಳಸಲು ಅನುಮತಿ ಸಿಕ್ಕಿತು. ಅಮೆರಿಕ, ಬ್ರಿಟನ್, ಕೆನಡಾ ಆ ಪಟ್ಟಿಯಲ್ಲಿದ್ದವು, ಜರ್ಮನಿ ಇರಲಿಲ್ಲ.
4. ದೊಡ್ಡ ಮೊತ್ತ ಕಳಿಸುವ ಮೊದಲು ಆ ಊರಿನಲ್ಲಿ ಇರುವ ಯಾರಾದರೂ ಮನೆ ನೋಡಿ ಬರಲಿ. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಮೇಲ್ ಮಾಡಿ ಕೇಳಿದರೂ ಸಹಾಯ ಸಿಗಬಹುದು.
5. ಇಲ್ಲಿನ ಖಾತೆಯಿಂದ ಹಣ ಹೋಗಿ ಮೋಸ ಎಂದು ತಿಳಿದರೆ ನಾಚಿಕೆಪಟ್ಟು ಕೂರಬೇಡಿ. ಕೂಡಲೇ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಹಿಂದೆ ಬರುವ ಸಾಧ್ಯತೆ ಕಡಿಮೆಯಾಗುತ್ತದೆ.

ಕೊನೆಯ ತೀರ್ಮಾನ

ವಿಳಾಸ ಇಲ್ಲದೆ ಖಾತೆ ಸಿಗುವುದೇ ಇಲ್ಲ ಎನ್ನುವುದು ಅರ್ಧ ಸತ್ಯ. ಹೊಸಬರಿಗೆ ಮೊದಲ ಕೆಲವು ವಾರ ಕಷ್ಟ ಇದೆ, ಅಲೆದಾಟ ಇದೆ, ಕೆಲವೊಮ್ಮೆ ತಾರತಮ್ಯವೂ ಇದೆ. ಆ ವಾರಗಳ ಭಯವೇ ಮೋಸಗಾರರ ಬಂಡವಾಳ. ಹಾಗಾಗಿ ಇಂಥ ಸಲಹೆ ಗ್ರೂಪಿಗೆ ಬಂದಾಗ ಮೂರು ಪ್ರಶ್ನೆ ಕೇಳಿ: ಮನೆ ಯಾರಾದರೂ ನೋಡಿದ್ದಾರೆಯೇ? ಕರಾರು ಕೈಯಲ್ಲಿದೆಯೇ? ಕಾನೂನಿನ ಮಿತಿಗಿಂತ ಹೆಚ್ಚು ಕೇಳುತ್ತಿದ್ದಾರೆಯೇ? ಈ ಮೂರಕ್ಕೂ ಸರಿಯಾದ ಉತ್ತರ ಸಿಗುವ ತನಕ ಗೋಪನಕೊಪ್ಪದ ಖಾತೆಯಲ್ಲಿರುವ ಹಣ ಅಲ್ಲೇ ಇರಲಿ.