ಹೊಗೆಗೆ ಮಸುಕಿನ ಹೆಸರೇಕೆ?

ಇಂಗ್ಲಿಷಿನ ‘ಹೇಜ್’ ಎಂಬ ಪದಕ್ಕೆ ಮಸುಕು, ಮಬ್ಬು ಎಂದರ್ಥ. ಎದುರಿನ ಗುಡ್ಡ ಇದೆಯೋ ಇಲ್ಲವೋ ಎಂಬಂತೆ ತೋರುವ ಸ್ಥಿತಿ ಅದು. ಸ್ಪಷ್ಟವಲ್ಲದ ನೆನಪಿಗೂ ಗೊಂದಲದ ವಿಚಾರಕ್ಕೂ ಆ ಭಾಷೆಯವರು ಇದಕ್ಕೆ ಸಂಬಂಧಿಸಿದ ‘ಹೇಜಿ’ ಎಂಬ ವಿಶೇಷಣವನ್ನು ಬಳಸುತ್ತಾರೆ. ಹವಾಮಾನ ಶಾಸ್ತ್ರ ಮಾತ್ರ ಇದಕ್ಕೊಂದು ಎಲ್ಲೆ ಹಾಕಿದೆ: ಗಾಳಿಯಲ್ಲಿ ತೇಲುವ ಒಣ ಕಣಗಳಿಂದ ನೋಟ ಮಸುಕಾದರೆ ಹೇಜ್, ನೀರಿನ ಸೂಕ್ಷ್ಮ ಹನಿಗಳಿಂದಾದರೆ ಮಂಜು. ಮಲೆನಾಡಿನವರಿಗೆ ಈ ಭೇದವನ್ನು ಯಾರೂ ಕಲಿಸಬೇಕಾಗಿಲ್ಲ. ಮಂಜು ಎಲೆಯನ್ನು ತೋಯಿಸುತ್ತದೆ. ಹೊಗೆ ಕಣ್ಣನ್ನು ಉರಿಸುತ್ತದೆ.

ಈ ಮೃದುವಾದ ಪದ ಆಗ್ನೇಯ ಏಷ್ಯಾದಲ್ಲಿ ಮಾಡಿರುವ ಕೆಲಸ ಮೃದುವಾದುದಲ್ಲ. 1996ರಲ್ಲಿ ಇಂಡೋನೇಷ್ಯಾ ಸರ್ಕಾರ ಮಧ್ಯ ಕಾಲಿಮಂತಾನ್ ಪ್ರಾಂತ್ಯದ ಸುಮಾರು 10 ಲಕ್ಷ ಹೆಕ್ಟೇರ್ ಜೌಗುನೆಲವನ್ನು ಭತ್ತದ ಗದ್ದೆಯಾಗಿಸಲು ಹೊರಟಿತು. ಅಲ್ಲಿನ ನೆಲವೆಂದರೆ ಬಹುಪಾಲು ಪೀಟ್, ಅಂದರೆ ಸಾವಿರಾರು ವರ್ಷ ನೀರಿನಡಿ ಪೂರ್ತಿ ಕೊಳೆಯದೆ ಉಳಿದ ಸಸ್ಯಾವಶೇಷಗಳ ರಾಶಿ. ಕಾಲುವೆ ತೋಡಿ ನೀರು ಬಸಿದರೆ ಅದು ಗದ್ದೆಯ ಮಣ್ಣಾಗುವುದಿಲ್ಲ, ಸೌದೆಯಾಗುತ್ತದೆ. ಹುಳಿಯಾದ, ಸತ್ವಹೀನವಾದ ಆ ನೆಲದಲ್ಲಿ ಭತ್ತ ಬೆಳೆಯಲಿಲ್ಲ. (ಮಣ್ಣುಶಾಸ್ತ್ರದ ಮೊದಲ ಪಾಠ ಓದಿದವರನ್ನು ಕೇಳಿದ್ದರೂ ಸಾಕಿತ್ತು.) 1997ರ ಎಲ್ ನಿನೊ ಬರದಲ್ಲಿ ಒಣಗಿದ ಪೀಟ್ ಹೊತ್ತಿಕೊಂಡು ನೆಲದೊಳಗೇ ತಿಂಗಳುಗಟ್ಟಲೆ ಕನಲಿತು. ತಾಳೆ ಎಣ್ಣೆ ಮತ್ತು ಕಾಗದದ ತಿರುಳಿನ ತೋಟಗಳಿಗಾಗಿ ಸುಮಾತ್ರಾದಲ್ಲಿ ಕಾಡು ಸುಟ್ಟ ಹೊಗೆಯೂ ಕೂಡಿ ಸಿಂಗಪುರ, ಮಲೇಷ್ಯಾಗಳ ಆಕಾಶವನ್ನು ಮುಚ್ಚಿತು.

ಹೊಗೆ ಎಂದೊಡನೆ ಬೆಂಕಿ ಎಲ್ಲಿ, ಹಚ್ಚಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಮಸುಕು ಎಂದರೆ ಅದು ಋತುಮಾನದಂತೆ ತಾನೇ ಬಂದು ತಾನೇ ಹೋಗುವ ಸಂಗತಿಯಾಗಿಬಿಡುತ್ತದೆ. 2002ರಲ್ಲಿ ಕ್ವಾಲಾಲಂಪುರದಲ್ಲಿ ಆಸಿಯಾನ್ ದೇಶಗಳು ಸಹಿ ಮಾಡಿದ ಒಪ್ಪಂದದ ಹೆಸರಿನಲ್ಲಿರುವುದು ಹೇಜ್ ಎಂಬ ಪದವೇ. ಸೋಜಿಗವೆಂದರೆ, ಅದೇ ಒಪ್ಪಂದದೊಳಗಿನ ವ್ಯಾಖ್ಯೆ ಹೇಜ್ ಮಾಲಿನ್ಯವೆಂದರೆ ನೆಲದ ಅಥವಾ ಕಾಡಿನ ಬೆಂಕಿಯಿಂದೇಳುವ ಹಾನಿಕಾರಕ ಹೊಗೆ ಎಂದೇ ಹೇಳುತ್ತದೆ. ಒಳಗೆ ಹೊಗೆ, ಹೊರಗಿನ ಫಲಕದಲ್ಲಿ ಮಸುಕು! ತಪ್ಪಿದ ದೇಶಕ್ಕೆ ದಂಡನೆಯಂತೂ ಅದರಲ್ಲಿಲ್ಲ.

ಆಗಿನ ಹತ್ತು ಸದಸ್ಯರಲ್ಲಿ ಎಲ್ಲರಿಗಿಂತ ಕೊನೆಗೆ, 2014ರಲ್ಲಿ, ಇಂಡೋನೇಷ್ಯಾದ ಸಂಸತ್ತು ಇದನ್ನು ಅನುಮೋದಿಸಿತು. ಆ ಕಾಯಿದೆಯಲ್ಲಿ ಒಪ್ಪಂದದ ಹೆಸರನ್ನು ತಮ್ಮ ಭಾಷೆಗೆ ತರುವಾಗ ಅವರು ಬಳಸಿದ ಪದ ‘ಅಸಾಪ್’. ಹಾಗೆಂದರೆ ಹೊಗೆ. ಸುಟ್ಟ ನೆಲದ ಭಾಷೆ ಇಷ್ಟರಮಟ್ಟಿಗಾದರೂ ನಿಜ ನುಡಿಯಿತು. ಕನ್ನಡಕ್ಕೆ ಈ ಸುದ್ದಿಗಳನ್ನು ತರುವವರೂ ನಿಘಂಟು ತೋರಿಸುವ ಮಸುಕು, ಮಂಜುಗಳನ್ನು ಬದಿಗಿಟ್ಟು ‘ಗಡಿ ದಾಟುವ ಹೊಗೆ’ ಎಂದೇ ಬರೆಯಬೇಕು.